ಕೊನೆಯ ನಾಲ್ಕು ವಾರ: ಯಾವ ಪ್ರಶ್ನೆ ಬಿಡಿಸಬೇಕು?

ಪರೀಕ್ಷೆ ಬಾಗಿಲಿಗೆ ಬಂದಾಗ ಪುಸ್ತಕ ಹಿಡಿದವರನ್ನು ಕಂಡು 'ಯುದ್ಧಕಾಲೇ ಶಸ್ತ್ರಾಭ್ಯಾಸ' ಎಂದು ಹಿರಿಯರು ನಗುವುದುಂಟು. ಆದರೆ ವರ್ಷವಿಡೀ ಶ್ರದ್ಧೆಯಿಂದ ಓದಿದವರಿಗೂ ಕೊನೆಯ ನಾಲ್ಕು ವಾರಗಳಲ್ಲಿ ಒಂದು ತೊಡಕು ಎದುರಾಗುತ್ತದೆ. ಮೇಜಿನ ಮೇಲೆ, ಮೊಬೈಲಿನಲ್ಲಿ, ಕೋಚಿಂಗ್ ಸಂಸ್ಥೆ ಕೊಟ್ಟ ಕಟ್ಟುಗಳಲ್ಲಿ ಪ್ರಶ್ನೆಗಳು ಸಾವಿರಗಟ್ಟಲೆ ಇರುತ್ತವೆ. ಉಳಿದಿರುವುದು ಇಪ್ಪತ್ತೆಂಟೇ ದಿನ. ಎಲ್ಲವನ್ನೂ ಬಿಡಿಸಲು ಸಾಧ್ಯವಿಲ್ಲ. ಹಾಗಾದರೆ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು?

ಎಲ್ಲ ಪರೀಕ್ಷೆಗಳಿಗೂ ಅನ್ವಯಿಸುವ ಮಾತಿದು. ಆದರೂ ಇದು ಅತ್ಯಂತ ತೀವ್ರವಾಗಿ ಕಾಡುವುದು ವಿದೇಶದಲ್ಲಿ ವೈದ್ಯಕೀಯ ಪದವಿ ಪಡೆದು ಊರಿಗೆ ಮರಳಿದ ನಮ್ಮ ಮಕ್ಕಳನ್ನು. 2022ರಲ್ಲಿ ಉಕ್ರೇನಿನಲ್ಲಿ ಯುದ್ಧ ಆರಂಭವಾದಾಗ, ನಮ್ಮ ರಾಜ್ಯದ ಸಣ್ಣಪುಟ್ಟ ಊರುಗಳಿಂದಲೂ ಮಕ್ಕಳು ವೈದ್ಯಕೀಯ ಓದಲು ಅಷ್ಟು ದೂರ ಹೋಗಿದ್ದಾರೆಂಬುದು ಎಲ್ಲರಿಗೂ ತಿಳಿಯಿತು. ರಷ್ಯಾ, ಜಾರ್ಜಿಯಾ, ಕಿರ್ಗಿಸ್ತಾನ, ಫಿಲಿಪ್ಪೀನ್ಸ್‌ಗಳಿಗೆ ಹೋದವರೂ ಇದ್ದಾರೆ. ಪದವಿ ಕೈಗೆ ಬಂದರೂ ಅವರು ಇಲ್ಲಿ ಒಬ್ಬ ರೋಗಿಯ ನಾಡಿ ಹಿಡಿಯುವ ಮೊದಲು ಒಂದು ಪರೀಕ್ಷೆ ದಾಟಬೇಕು. ಅದೇ ಎಫ್‌ಎಂಜಿಇ, ಅಂದರೆ ವಿದೇಶಿ ವೈದ್ಯಕೀಯ ಪದವೀಧರರ ಪರೀಕ್ಷೆ. ಅದರಲ್ಲಿ ಉತ್ತೀರ್ಣರಾದ ಮೇಲೆಯೇ ವೈದ್ಯಕೀಯ ಪರಿಷತ್ತಿನ ನೋಂದಣಿ, ಇಲ್ಲಿನ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್ ಇತ್ಯಾದಿ.

ನಾನು ವೈದ್ಯನಲ್ಲ, ಹೈಸ್ಕೂಲಿನ ವಿಜ್ಞಾನ ಶಿಕ್ಷಕ. ಆದರೆ ನಮ್ಮ ಶಾಲೆಯಲ್ಲಿ ಓದಿ ಹೊರದೇಶಕ್ಕೆ ಹೋಗಿ ಬಂದವರು ಈ ಪರೀಕ್ಷೆಯ ತಯಾರಿಯ ಹೊತ್ತಿನಲ್ಲಿ ಆಗಾಗ ಮನೆಗೆ ಬರುತ್ತಾರೆ. ರೋಗದ ವಿಷಯದಲ್ಲಿ ಅವರೇ ನನಗೆ ಗುರುಗಳು. ಪ್ರಶ್ನೆಯನ್ನು ಆರಿಸುವ ವಿಷಯದಲ್ಲಿ ಮಾತ್ರ ಮೇಷ್ಟ್ರಾದವನು ಹೇಳಬಹುದಾದ ನಾಲ್ಕು ಮಾತುಗಳಿವೆ.

ಇದು ರ‍್ಯಾಂಕಿನ ಪರೀಕ್ಷೆಯಲ್ಲ

ಮೊದಲು ಪರೀಕ್ಷೆಯ ಸ್ವರೂಪ ತಿಳಿಯೋಣ. 2002ರಲ್ಲಿ ಆರಂಭವಾದ ಈ ಪರೀಕ್ಷೆಯನ್ನು ರಾಷ್ಟ್ರೀಯ ಪರೀಕ್ಷಾ ಮಂಡಳಿ ವರ್ಷಕ್ಕೆ ಎರಡು ಸಲ ನಡೆಸುತ್ತ ಬಂದಿದೆ. ಇದರ ಬದಲಿಗೆ 'ನೆಕ್ಸ್ಟ್' ಎಂಬ ಪರೀಕ್ಷೆ ತರಲು 2019ರ ಕಾಯಿದೆ ಅವಕಾಶ ಮಾಡಿತ್ತು. 2023ರಲ್ಲಿ ಅದನ್ನು ಮುಂದೂಡಲಾಯಿತು. ಎಫ್‌ಎಂಜಿಇಯಲ್ಲಿ ಒಟ್ಟು 300 ಪ್ರಶ್ನೆಗಳು. ಒಂದೊಂದು ಭಾಗಕ್ಕೆ 150 ಪ್ರಶ್ನೆ, 150 ನಿಮಿಷ. ಹೀಗೆ ಒಂದೇ ದಿನ ಎರಡು ಭಾಗ. ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರಗಳಿದ್ದು ಒಂದನ್ನು ಆರಿಸಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. 300ಕ್ಕೆ 150 ಬಂದರೆ ಉತ್ತೀರ್ಣ.

ಕೇಳಲು ಸುಲಭ. ಆದರೂ ಹೆಚ್ಚಿನ ಸಲ ಉತ್ತೀರ್ಣರಾದವರಿಗಿಂತ ಆಗದವರ ಸಂಖ್ಯೆಯೇ ಬಹಳ ದೊಡ್ಡದು. ಎರಡು ಮೂರು ಸಲ ಬರೆಯುವವರು ಅಪರೂಪವಲ್ಲ. ಜಮೀನಿನ ಮೇಲೆ ಸಾಲ ತೆಗೆದು ಮಗನನ್ನು ಕಳುಹಿಸಿದ ಮನೆಯಲ್ಲಿ ಒಂದೊಂದು ಸೋಲೂ ಆರು ತಿಂಗಳ ಬಡ್ಡಿ.

ಇಲ್ಲಿ ಪೋಷಕರೂ ವಿದ್ಯಾರ್ಥಿಗಳೂ ಗಮನಿಸಬೇಕಾದ ಒಂದು ವ್ಯತ್ಯಾಸವಿದೆ. ನಮಗೆಲ್ಲ ಪರಿಚಿತವಾಗಿರುವುದು ಸಿಇಟಿ, ನೀಟ್‌ನಂಥ ಪರೀಕ್ಷೆಗಳು. ಅವು ರ‍್ಯಾಂಕಿನ ಪರೀಕ್ಷೆಗಳು. ಅಲ್ಲಿ ಎಲ್ಲರಿಗೂ ಬರುವ ಪ್ರಶ್ನೆಯಿಂದ ಲಾಭ ಕಡಿಮೆ. ಪಕ್ಕದವನಿಗೆ ಬಾರದ ಪ್ರಶ್ನೆ ನಿಮಗೆ ಬಂದರೆ ನೀವು ಮುಂದೆ. ಪರವಾನಗಿಯ ಪರೀಕ್ಷೆಯಲ್ಲಿ ಪಕ್ಕದವನ ಲೆಕ್ಕವೇ ಇಲ್ಲ. ಅಲ್ಲಿ ಕೇಳುವುದು ಒಂದೇ: ಈ ವ್ಯಕ್ತಿಯ ಕೈಗೆ ರೋಗಿಯನ್ನು ಒಪ್ಪಿಸಬಹುದೇ? ಆದ್ದರಿಂದ ಸಾಮಾನ್ಯ ರೋಗ, ಸಾಮಾನ್ಯ ಔಷಧ, ತುರ್ತು ಚಿಕಿತ್ಸೆಯ ಪ್ರಶ್ನೆಗಳಿಗೇ ಇಲ್ಲಿ ಹೆಚ್ಚಿನ ಬೆಲೆ.

ಉದಾಹರಣೆಗೆ, ಇಂಜೆಕ್ಷನ್ ಕೊಟ್ಟೊಡನೆ ರೋಗಿಗೆ ಮೈಯೆಲ್ಲ ದದ್ದು ಎದ್ದು, ಉಸಿರು ಕಟ್ಟಿ, ರಕ್ತದ ಒತ್ತಡ ಕುಸಿಯಿತು. ಮೊದಲು ಕೊಡಬೇಕಾದ ಔಷಧ ಯಾವುದು? ತೊಡೆಯ ಸ್ನಾಯುವಿಗೆ ಅಡ್ರಿನಲಿನ್. ಇದು ತಪ್ಪಿದವನಿಗೆ, ಹತ್ತು ಲಕ್ಷಕ್ಕೊಬ್ಬರಿಗೆ ಬರುವ ವಿಚಿತ್ರ ರೋಗದ ಹೆಸರು ಗೊತ್ತಿದ್ದರೆ ಏನು ಬಂತು? ಆದರೂ ಕೊನೆಯ ವಾರಗಳಲ್ಲಿ ಮಕ್ಕಳು ಸ್ನಾತಕೋತ್ತರ ಪ್ರವೇಶದ ಕಠಿಣ ಪ್ರಶ್ನೆಗಳ ಕಟ್ಟನ್ನು ಹಿಡಿದು ಕುಳಿತಿರುವುದನ್ನು ಕಾಣುತ್ತೇವೆ. ಕಠಿಣವಾದದ್ದು ಬಂದರೆ ಸುಲಭವಾದದ್ದು ತಾನಾಗಿ ಬರುತ್ತದೆಂಬ ನಂಬಿಕೆ ಅವರದು. ಹಾಗೆ ಆಗುವುದಿಲ್ಲ. ಕೊನೆಯ ವಾರಗಳ ಮೊದಲ ನಿಯಮ ಇದು: ಅಪರೂಪದ ಪ್ರಶ್ನೆಯನ್ನು ಬದಿಗಿಡಿ.

150 ಎಂಬ ಮೋಸದ ಗೆರೆ

ಅಣಕು ಪರೀಕ್ಷೆಯಲ್ಲಿ 150 ಬಂದೊಡನೆ ಮನೆಯಲ್ಲಿ ಸಂತೋಷವಾಗುತ್ತದೆ. ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಒಬ್ಬ ವಿದ್ಯಾರ್ಥಿಗೆ 300ರಲ್ಲಿ 100 ಪ್ರಶ್ನೆಗಳಿಗೆ ಮಾತ್ರ ಖಚಿತವಾಗಿ ಉತ್ತರ ಗೊತ್ತಿದೆ ಎಂದುಕೊಳ್ಳಿ. ಉಳಿದ 200ನ್ನು ಅವನು ಕಣ್ಣು ಮುಚ್ಚಿ ಗುರುತು ಮಾಡುತ್ತಾನೆ. ನಾಲ್ಕರಲ್ಲಿ ಒಂದು ಸರಿಯಾಗುವ ಸಂಭವವಿರುವುದರಿಂದ ಅದರಲ್ಲಿ ಸುಮಾರು 50 ಸರಿಯಾಗುತ್ತವೆ. ಒಟ್ಟು 150! ಅಂದರೆ ಮೂರರಲ್ಲಿ ಒಂದು ಪಾಲು ಮಾತ್ರ ತಿಳಿದವನಿಗೂ ಈ ಅಂಕ ಬರಬಹುದು. ಆದರೆ ಅದೃಷ್ಟ ಪ್ರತಿ ಸಲವೂ ಸರಿಯಾಗಿ 50 ಕೊಡುವುದಿಲ್ಲ. ಒಂದು ಸಲ 58, ಇನ್ನೊಂದು ಸಲ 42. ಈ ಏರಿಳಿತದಲ್ಲೇ ಎಷ್ಟೋ ಮಕ್ಕಳು 143, 146ಕ್ಕೆ ನಿಂತುಬಿಡುತ್ತಾರೆ.

ಆದ್ದರಿಂದ ಅಣಕು ಪರೀಕ್ಷೆ ಬರೆಯುವಾಗಲೇ ಪ್ರತಿ ಉತ್ತರದ ಪಕ್ಕದಲ್ಲಿ ಒಂದು ಗುರುತು ಹಾಕಿಕೊಳ್ಳಿ. ಖಚಿತವಾಗಿದ್ದರೆ 'ಖ', ಎರಡರ ನಡುವೆ ಅನುಮಾನವಿದ್ದರೆ 'ಅ', ಬರೀ ಊಹೆಯಾಗಿದ್ದರೆ 'ಊ'. ಅಂಕ ಎಣಿಸುವಾಗ 'ಖ' ಗುರುತಿನ ಸರಿ ಉತ್ತರಗಳನ್ನು ಬೇರೆಯಾಗಿ ಎಣಿಸಿ. ನಿಮ್ಮ ನಿಜವಾದ ಬಂಡವಾಳ ಅದು. ಆ ಸಂಖ್ಯೆ 130ಕ್ಕೆ ಬಂದರೆ, ಉಳಿದ 170ರಲ್ಲಿ ಊಹೆಯಿಂದ ಬರುವ ನಲವತ್ತು ಚಿಲ್ಲರೆ ಸೇರಿ 170ರ ಆಸುಪಾಸಿಗೆ ತಲುಪುತ್ತೀರಿ. ಆಗ ಅದೃಷ್ಟ ಹತ್ತು ಅಂಕ ಕೈಕೊಟ್ಟರೂ ಭಯವಿಲ್ಲ. ಖಚಿತ ಉತ್ತರಗಳು 100ರಿಂದ 130ಕ್ಕೆ ಏರಬೇಕಾದರೆ ನಾಲ್ಕು ವಾರಗಳಲ್ಲಿ ದಿನಕ್ಕೊಂದು ಅಂಕ ಏರಿದರೆ ಸಾಕು. ಹೀಗೆ ನೋಡಿದರೆ ಬೆಟ್ಟ ಅಷ್ಟೇನೂ ಎತ್ತರವಿಲ್ಲ.

ಅಂಕ ಇರುವ ಕಡೆ ಹುಡುಕಿ

ಈ 30 ಅಂಕಗಳನ್ನು ಎಲ್ಲಿಂದ ತರುವುದು? ಮಂಡಳಿಯ ಮಾಹಿತಿ ಪುಸ್ತಿಕೆಯಲ್ಲಿ ವಿಷಯವಾರು ಹಂಚಿಕೆಯನ್ನು ಮುದ್ರಿಸಿರುತ್ತಾರೆ. ಅದರಂತೆ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ತಲಾ 17. ಪೆಥಾಲಜಿ, ಮೈಕ್ರೋಬಯಾಲಜಿ, ಫಾರ್ಮಕಾಲಜಿ ತಲಾ 13. ಫೊರೆನ್ಸಿಕ್ ಮೆಡಿಸಿನ್ 10. ಇವೆಲ್ಲ ಸೇರಿ 100. ಉಳಿದ 200 ಅಂಕ ರೋಗಿಯ ಹಾಸಿಗೆಯ ಬಳಿಯ ವಿಷಯಗಳಿಗೆ: ಮೆಡಿಸಿನ್ 33, ಸರ್ಜರಿ 32, ಹೆರಿಗೆ ಮತ್ತು ಸ್ತ್ರೀರೋಗ 30, ಸಮುದಾಯ ಆರೋಗ್ಯ 30, ಮಕ್ಕಳ ರೋಗ, ಕಣ್ಣು, ಕಿವಿ-ಮೂಗು-ಗಂಟಲು ತಲಾ 15, ಮನೋರೋಗ, ಚರ್ಮರೋಗ, ಮೂಳೆ, ಅರಿವಳಿಕೆ, ಎಕ್ಸ್‌ರೇ ಮತ್ತು ಸ್ಕ್ಯಾನಿಂಗ್, ವಿಕಿರಣ ಚಿಕಿತ್ಸೆ ತಲಾ 5.

ಈ ಪಟ್ಟಿಯನ್ನು ಗೋಡೆಗೆ ಅಂಟಿಸಿ, ಪ್ರತಿ ವಿಷಯದ ಮುಂದೆ ಅಣಕು ಪರೀಕ್ಷೆಯಲ್ಲಿ ನಿಮಗೆ ಬಂದ ಖಚಿತ ಅಂಕವನ್ನು ಬರೆಯಿರಿ. ಅನಾಟಮಿ ಸಮುದ್ರದಂಥದ್ದು, ಅಂಕ 17. ಸಮುದಾಯ ಆರೋಗ್ಯದ ಪುಸ್ತಕವೂ ದಪ್ಪವೇ. ಆದರೆ ಲಸಿಕೆಯ ವೇಳಾಪಟ್ಟಿ, ರಾಷ್ಟ್ರೀಯ ಆರೋಗ್ಯ ಕಾರ್ಯಕ್ರಮಗಳು, ಸಾಂಕ್ರಾಮಿಕ ರೋಗಗಳ ಲೆಕ್ಕಾಚಾರ ಎಂಬ ಮೂರು ಗುಂಪುಗಳನ್ನು ಹಿಡಿದರೆ 30 ಅಂಕಗಳಲ್ಲಿ ಒಳ್ಳೆಯ ಪಾಲು ಕೈಗೆ ಸಿಗುತ್ತದೆ. ಕಣ್ಣು, ಕಿವಿ, ಮಕ್ಕಳ ವಿಭಾಗ ಸೇರಿ 45. ತಲಾ 5 ಅಂಕದ ಆರು ಸಣ್ಣ ವಿಷಯಗಳನ್ನು ಕೂಡಿಸಿದರೆ 30. ಹನಿಗೂಡಿದರೆ ಹಳ್ಳ.

ಹೊರದೇಶದಲ್ಲಿ ಓದಿದವರು ಇನ್ನೊಂದು ವಿಷಯಕ್ಕೆ ಗಮನ ಕೊಡಬೇಕು. ಅಲ್ಲಿನ ಆಸ್ಪತ್ರೆಯಲ್ಲಿ ಕಾಣದ ರೋಗಗಳು ಇಲ್ಲಿ ದಿನನಿತ್ಯದವು. ಹಾವು ಕಡಿತವನ್ನೇ ತೆಗೆದುಕೊಳ್ಳಿ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷ ಕೊಡುತ್ತೇವೆ. ಮಂಡಲದ ಹಾವು ಕಡಿದಿದೆಯೇ ಎಂದು ತಿಳಿಯಲು, ರೋಗಿಯ ರಕ್ತವನ್ನು ಗಾಜಿನ ನಳಿಗೆಯಲ್ಲಿ 20 ನಿಮಿಷ ಅಲುಗಾಡಿಸದೆ ಇಟ್ಟು ಹೆಪ್ಪುಗಟ್ಟುತ್ತದೆಯೇ ಎಂದು ನೋಡುತ್ತಾರೆ. ಹಿಮ ಬೀಳುವ ನಾಡಿನಲ್ಲಿ ಆರು ವರ್ಷ ಓದಿದವರಿಗೆ ಇದನ್ನು ನೋಡುವ ಅವಕಾಶವೇ ಇರುವುದಿಲ್ಲ. ಕ್ಷಯ, ಮಲೇರಿಯಾ, ಅಪೌಷ್ಟಿಕತೆ, ನಮ್ಮ ದೇಶದ ಕಾನೂನುಗಳು ಇದೇ ಸಾಲಿಗೆ ಸೇರಿದವು. ಈ ಭಾಗದ ಪ್ರಶ್ನೆಗಳಿಗೆ ಕೊನೆಯ ವಾರಗಳಲ್ಲಿ ಮೊದಲ ಮಣೆ ಹಾಕಬೇಕು.

ಹಳೆಯ ಪ್ರಶ್ನೆ, ಹಳಸಿದ ಉತ್ತರ

ಅಣ್ಣನೋ ಅಕ್ಕನೋ ಓದಿ ಬಿಟ್ಟ ಪ್ರಶ್ನೆ ಪುಸ್ತಕವನ್ನೇ ತಮ್ಮ ತಂಗಿಯರು ಹಿಡಿಯುವುದು ನಮ್ಮ ಮನೆಗಳಲ್ಲಿ ರೂಢಿ. ಗಣಿತಕ್ಕೆ ಅದು ನಡೆದೀತು, ವೈದ್ಯಕೀಯಕ್ಕೆ ಅಪಾಯ. ಪ್ರಶ್ನೆ ಅದೇ ಇದ್ದರೂ ಉತ್ತರ ಬದಲಾಗಿರುತ್ತದೆ.

2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ನಿರ್ಲಕ್ಷ್ಯದಿಂದ ಉಂಟಾದ ಸಾವಿಗೆ ಹಿಂದೆ 304ಎ ಕಲಮು ಇತ್ತು, ಈಗ 106. ವರದಕ್ಷಿಣೆ ಸಾವು 304ಬಿ ಆಗಿತ್ತು, ಈಗ 80. ಅನುಮಾನಾಸ್ಪದ ಸಾವಿನಲ್ಲಿ ಪೊಲೀಸರು ನಡೆಸುವ ತನಿಖೆ ದಂಡ ಪ್ರಕ್ರಿಯಾ ಸಂಹಿತೆಯ 174ರಲ್ಲಿತ್ತು. ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ರಲ್ಲಿದೆ. ಗರ್ಭಪಾತಕ್ಕೆ 20 ವಾರಗಳ ಮಿತಿ ಇದ್ದದ್ದು 2021ರ ತಿದ್ದುಪಡಿಯಿಂದ ಕೆಲವು ವರ್ಗದ ಮಹಿಳೆಯರಿಗೆ 24 ವಾರಗಳವರೆಗೆ ವಿಸ್ತರಿಸಿದೆ. ಚುಚ್ಚುಮದ್ದಿನ ಪೋಲಿಯೊ ಲಸಿಕೆಯ ಮೂರನೆಯ ಡೋಸನ್ನು ಒಂಬತ್ತನೆಯ ತಿಂಗಳಿಗೆ ಸೇರಿಸಿದ್ದು 2023ರಲ್ಲಿ. ಇನ್ನೂ ಹಳೆಯ ಪುಸ್ತಕವಾದರೆ ಓಆರ್‌ಎಸ್ ದ್ರಾವಣದ ಸಾಂದ್ರತೆ 311 ಎಂದು ಕೊಟ್ಟಿರುತ್ತದೆ. ಈಗ ಬಳಕೆಯಲ್ಲಿರುವುದು 245ರದ್ದು.

ಇಂಥ ಹಳೆಯ ಪುಸ್ತಕದಿಂದ ನೂರು ಪ್ರಶ್ನೆ ಬಿಡಿಸಿದವನು ಬಿಡಿಸದವನಿಗಿಂತ ಹಿಂದೆ ಬೀಳುತ್ತಾನೆ. ತಪ್ಪನ್ನೇ ಗಟ್ಟಿ ಮಾಡಿಕೊಂಡಿರುತ್ತಾನೆ. ಆದ್ದರಿಂದ ಸಮುದಾಯ ಆರೋಗ್ಯ, ಫೊರೆನ್ಸಿಕ್, ಮಕ್ಕಳ ಲಸಿಕೆ, ಕ್ಷಯರೋಗದ ಚಿಕಿತ್ಸೆ ಇವಿಷ್ಟಕ್ಕಾದರೂ ಇತ್ತೀಚಿನ ಆವೃತ್ತಿಯನ್ನೇ ಹಿಡಿಯಿರಿ.

'ಕಳೆದ ಸಲದ ಪ್ರಶ್ನೆಗಳು' ಎಂದು ಹರಿದಾಡುವ ಹಾಳೆಗಳ ಬಗ್ಗೆಯೂ ಒಂದು ಮಾತು. ಮಂಡಳಿ ಈ ಪ್ರಶ್ನೆಪತ್ರಿಕೆಗಳನ್ನು ಪ್ರಕಟಿಸುವುದಿಲ್ಲ. ಪ್ರಶ್ನೆಗಳನ್ನು ಹೊರಗೆ ಹೇಳುವುದಿಲ್ಲವೆಂಬ ಕರಾರಿಗೆ ಅಭ್ಯರ್ಥಿಗಳು ಒಪ್ಪಿಗೆ ಕೊಟ್ಟೇ ಪರೀಕ್ಷೆಗೆ ಕೂರುತ್ತಾರೆ. ಆದ್ದರಿಂದ ಆ ಹಾಳೆಗಳಲ್ಲಿರುವುದು ಯಾರದೋ ನೆನಪಿನ ತುಣುಕು. ನಾಲ್ಕು ಆಯ್ಕೆಗಳಲ್ಲಿ ಎರಡು ಮರೆತಿರುತ್ತವೆ, ರೋಗಿಯ ವಯಸ್ಸು ಬದಲಾಗಿರುತ್ತದೆ, ಕೆಳಗೆ ಬರೆದ ಉತ್ತರಕ್ಕೆ ಯಾರೂ ಹೊಣೆಯಲ್ಲ. ಇನ್ನು ಈ ಸಲದ ಪತ್ರಿಕೆಯೇ ತಮ್ಮ ಬಳಿ ಇದೆಯೆಂದು ಹಣ ಕೇಳುವವರ ಬಗ್ಗೆ ಮಂಡಳಿ ಮತ್ತೆ ಮತ್ತೆ ಎಚ್ಚರಿಕೆ ಕೊಟ್ಟಿದೆ. ಅದು ಕನ್ನಡಿಯೊಳಗಿನ ಗಂಟು. ಹಣವೂ ಹೋಗಿ, ಹುಡುಗನ ಭವಿಷ್ಯವೂ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತೀತು.

ತಪ್ಪುಗಳನ್ನು ರಾಶಿ ಹಾಕಿ

ನಮ್ಮ ಶಾಲೆಯಲ್ಲಿ ಓದಿದ ಹುಡುಗಿಯೊಬ್ಬಳು ಎರಡನೆಯ ಸಲವೂ ಕೆಲವೇ ಅಂಕಗಳಿಂದ ಹಿಂದುಳಿದಳು. ಮೂರನೆಯ ಸಲಕ್ಕೆ ಒಂದು ತಿಂಗಳಿರುವಾಗ ಅವಳ ತಂದೆ ಕರೆದುಕೊಂಡು ಬಂದರು.

'ಮೇಷ್ಟ್ರೇ, ದಿನಾ ಇನ್ನೂರು ಪ್ರಶ್ನೆ ಮಾಡ್ತಾಳೆ. ರಾತ್ರಿ ಎರಡು ಗಂಟೆ ಆದ್ರೂ ದೀಪ ಆರೋದಿಲ್ಲ. ಆದ್ರೂ ಅಂಕ ಅಲ್ಲೇ ನಿಂತದೆ' ಎಂದರು.

ನಾನು ಅವಳನ್ನು ಕೇಳಿದೆ: 'ಹೋದ ವಾರ ತಪ್ಪಿದ ಪ್ರಶ್ನೆಗಳು ಏನಾದವು ತಾಯಿ?'

'ಅದನ್ನ ಮತ್ತೆ ನೋಡಿಲ್ಲ ಸರ್. ಸಮಯ ಸಾಲದು ಅಂತ ಹೊಸದನ್ನೇ ಮಾಡ್ತಿದ್ದೀನಿ' ಎಂದಳು.

ತೂತಿನ ಕೊಡಕ್ಕೆ ಎಷ್ಟು ನೀರು ಸುರಿದರೇನು? ಹಿಂದಿನ ಅಣಕು ಪರೀಕ್ಷೆಯ ತಪ್ಪುಗಳನ್ನೆಲ್ಲ ಅವಳ ಕೈಯಲ್ಲೇ ನಾಲ್ಕು ರಾಶಿ ಮಾಡಿಸಿದೆ. ಮೊದಲನೆಯದು, ವಿಷಯವೇ ಗೊತ್ತಿಲ್ಲದ್ದು. ಎರಡನೆಯದು, ಓದಿದ್ದರೂ ಮರೆತದ್ದು. ಮೂರನೆಯದು, ಪ್ರಶ್ನೆಯನ್ನು ಸರಿಯಾಗಿ ಓದದೆ ತಪ್ಪಿದ್ದು: 'ಇವುಗಳಲ್ಲಿ ಯಾವುದು ಅಲ್ಲ' ಎಂದಿದ್ದರೆ 'ಯಾವುದು' ಎಂದು ಓದಿಕೊಂಡದ್ದು. ನಾಲ್ಕನೆಯದು, ಎರಡು ಉತ್ತರಗಳ ನಡುವೆ ತೂಗಾಡಿ ತಪ್ಪಾದದ್ದನ್ನು ಆರಿಸಿದ್ದು. ಊಹೆಯಿಂದ ಸರಿಯಾದ ಉತ್ತರಗಳನ್ನೂ ಮೊದಲ ರಾಶಿಗೇ ಸೇರಿಸಲು ಹೇಳಿದೆ. ಮೊದಲ ರಾಶಿಯೇ ಎಲ್ಲಕ್ಕಿಂತ ದೊಡ್ಡದಿರಬಹುದೆಂದು ಅವಳು ಹೆದರಿದ್ದಳು. ದೊಡ್ಡದಾಗಿ ನಿಂತದ್ದು ಎರಡನೆಯದು, ಮರೆತದ್ದರ ರಾಶಿ.

ಪ್ರತಿ ರಾಶಿಗೂ ಬೇಕಾದ ಪ್ರಶ್ನೆ ಬೇರೆ. ಮರೆತದ್ದಕ್ಕೆ ಅದೇ ಪ್ರಶ್ನೆಗಳನ್ನು ಮೂರು ದಿನ ಬಿಟ್ಟು ಮತ್ತೊಮ್ಮೆ, ವಾರ ಬಿಟ್ಟು ಮಗದೊಮ್ಮೆ ಬಿಡಿಸಬೇಕು. ಓದುವಾಗ ಎಡವುವವರಿಗೆ ಗಡಿಯಾರ ಇಟ್ಟು ಐವತ್ತು ಐವತ್ತರ ಕಂತಿನಲ್ಲಿ ಬಿಡಿಸುವ ಅಭ್ಯಾಸ ಬೇಕು. ಪ್ರಶ್ನೆಯ ಕೊನೆಯ ಸಾಲನ್ನು ಎರಡು ಸಲ ಓದಬೇಕು. ಎರಡರ ನಡುವೆ ತೂಗಾಡುವವರು ಆ ಎರಡು ರೋಗಗಳನ್ನು ಅಕ್ಕಪಕ್ಕ ಬರೆದು ಎಲ್ಲಿ ಬೇರೆಯಾಗುತ್ತವೆಂದು ನೋಡಬೇಕು. 'ಮೊದಲು ಹೊಳೆದದ್ದೇ ಸರಿ, ಬದಲಾಯಿಸಬೇಡ' ಎಂಬ ಮಾತನ್ನು ಪೂರ್ತಿ ನಂಬಬೇಡಿ. 2005ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ವಿದ್ಯಾರ್ಥಿಗಳು ಬದಲಾಯಿಸಿದ ಉತ್ತರಗಳಲ್ಲಿ ಶೇ 51 ತಪ್ಪಿನಿಂದ ಸರಿಗೆ ಹೋಗಿದ್ದರೆ, ಶೇ 25 ಮಾತ್ರ ಸರಿಯಿಂದ ತಪ್ಪಿಗೆ ಹೋಗಿದ್ದವು. ಕಾರಣ ಹೊಳೆದರೆ ಧೈರ್ಯವಾಗಿ ಬದಲಾಯಿಸಿ. ಬರೀ ಗಾಬರಿಯಿಂದ ಬೇಡ.

ಇನ್ನು ವಿಷಯವೇ ಗೊತ್ತಿಲ್ಲದ ರಾಶಿ. ಅದರಲ್ಲಿ ಎಲ್ಲವನ್ನೂ ಕಲಿಯುವ ಹಟ ಬೇಡ. ಗೋಡೆಯ ಮೇಲಿನ ಅಂಕಪಟ್ಟಿ ನೋಡಿ, ಅಂಕ ಹೆಚ್ಚಿದ್ದು ಓದುವುದು ಕಡಿಮೆ ಇರುವುದನ್ನಷ್ಟೇ ಎತ್ತಿಕೊಳ್ಳಿ. ಉಳಿದದ್ದನ್ನು ಬಿಟ್ಟುಬಿಡಿ. ಬಿಡುವುದಕ್ಕೂ ಧೈರ್ಯ ಬೇಕು. ಪರೀಕ್ಷೆಯ ದಿನ ಮಾತ್ರ ಒಂದನ್ನೂ ಖಾಲಿ ಬಿಡಬಾರದು, ಏಕೆಂದರೆ ತಪ್ಪಿಗೆ ದಂಡವಿಲ್ಲ.

ಆ ಹುಡುಗಿ ದಿನಕ್ಕೆ ಇನ್ನೂರರ ಬದಲು ಎಂಬತ್ತು ಪ್ರಶ್ನೆಗೆ ಇಳಿದಳು. ಮೂರನೆಯ ಸಲ ದಾಟಿದಳು.

ಒಂದು ಪ್ರಶ್ನೆಯಿಂದ ನಾಲ್ಕು

ಎಂಬತ್ತು ಸಾಕೇ ಎಂದು ಕೇಳಬಹುದು. ಪ್ರಶ್ನೆಯನ್ನು ಪೂರ್ತಿ ಹಿಂಡಿದರೆ ಸಾಕು. ಒಂದು ಉದಾಹರಣೆ ನೋಡಿ.

ಸಾವಿರ ಜನರಲ್ಲಿ 100 ಮಂದಿಗೆ ಒಂದು ರೋಗವಿದೆ. ರೋಗ ಪತ್ತೆ ಮಾಡುವ ಪರೀಕ್ಷೆಯೊಂದು ರೋಗವಿರುವ ನೂರರಲ್ಲಿ 90 ಮಂದಿಯನ್ನು ಹಿಡಿಯುತ್ತದೆ. ರೋಗವಿಲ್ಲದ ನೂರರಲ್ಲಿ 80 ಮಂದಿಗೆ ಸರಿಯಾಗಿ 'ಇಲ್ಲ' ಎನ್ನುತ್ತದೆ. ಪರೀಕ್ಷೆ 'ಇದೆ' ಎಂದವರಲ್ಲಿ ನಿಜವಾಗಿ ರೋಗವಿರುವವರು ಎಷ್ಟು?

ರೋಗವಿರುವ 100ರಲ್ಲಿ 'ಇದೆ' ಎಂದು ಬರುವವರು 90. ರೋಗವಿಲ್ಲದ 900ರಲ್ಲಿ ತಪ್ಪಾಗಿ 'ಇದೆ' ಎಂದು ಬರುವವರು 180. ಒಟ್ಟು 270ರಲ್ಲಿ ನಿಜವಾದವರು 90, ಅಂದರೆ ಮೂರರಲ್ಲಿ ಒಬ್ಬರು.

ಹೆಚ್ಚಿನವರು ಉತ್ತರ ಸರಿಯಾದೊಡನೆ ಮುಂದಿನ ಪ್ರಶ್ನೆಗೆ ಹಾರುತ್ತಾರೆ. ಸ್ವಲ್ಪ ನಿಲ್ಲಿ. ರೋಗ ಇನ್ನೂ ಅಪರೂಪವಾಗಿದ್ದು ಸಾವಿರಕ್ಕೆ ಹತ್ತೇ ಮಂದಿಗೆ ಇದ್ದರೆ? ಆಗ 'ಇದೆ' ಎಂದ 207 ಮಂದಿಯಲ್ಲಿ ನಿಜವಾದವರು 9, ಶೇ 4ಕ್ಕಿಂತ ಸ್ವಲ್ಪ ಹೆಚ್ಚು. ಪರೀಕ್ಷೆ ಬದಲಾಗಿಲ್ಲ, ಊರು ಬದಲಾಯಿತು ಅಷ್ಟೆ! ಮೊದಲಿನ ಲೆಕ್ಕದಲ್ಲೇ 'ಇಲ್ಲ' ಎಂದ 730 ಮಂದಿಯಲ್ಲಿ ನಿಜವಾಗಿ ರೋಗವಿಲ್ಲದವರು ಎಷ್ಟು? 720. ರೋಗ ಒಂದನ್ನೂ ಬಿಡಬಾರದೆಂದರೆ ಯಾವ ಗುಣವಿರುವ ಪರೀಕ್ಷೆಯನ್ನು ಆರಿಸುತ್ತೀರಿ? ಹೀಗೆ ಒಂದು ಪ್ರಶ್ನೆ ನಾಲ್ಕಾಯಿತು. ಪರೀಕ್ಷೆಯಲ್ಲಿ ಅಂಕಿ ಬದಲಿಸಿ ಕೇಳಿದರೂ ನೀವು ಸಿಕ್ಕಿಬೀಳುವುದಿಲ್ಲ.

ರೋಗಿಯ ಕಥೆಯಿರುವ ಪ್ರಶ್ನೆಯಲ್ಲೂ ಹೀಗೆಯೇ. ಮೊದಲು ಕೈಯಿಂದ ಆಯ್ಕೆಗಳನ್ನು ಮುಚ್ಚಿ, ಉತ್ತರವನ್ನು ಬಾಯಲ್ಲಿ ಹೇಳಿ. ಆಮೇಲೆ ಉಳಿದ ಮೂರು ಆಯ್ಕೆಗಳನ್ನು ನೋಡಿ, ರೋಗಿಗೆ ಯಾವ ಲಕ್ಷಣವಿದ್ದರೆ ಇದು ಸರಿಯಾಗುತ್ತಿತ್ತು ಎಂದು ಕೇಳಿಕೊಳ್ಳಿ. ವಿವರಣೆ ಕೊಡದ, ಬರೀ 'ಎ, ಬಿ, ಸಿ, ಡಿ' ಎಂದು ಉತ್ತರ ಕೊಡುವ ಪುಸ್ತಕವನ್ನು ಆರಿಸಬಾರದು ಎನ್ನುವುದು ಇದಕ್ಕಾಗಿಯೇ.

ಬೆರೆಸಿ ಬಿಡಿಸಿ

ಒಂದು ದಿನವೆಲ್ಲ ಹೃದಯ, ಮರುದಿನವೆಲ್ಲ ಮೂತ್ರಪಿಂಡ ಎಂದು ಬಿಡಿಸುವಾಗ ಉತ್ತರಗಳು ಸರಸರನೆ ಬರುತ್ತವೆ, ಮನಸ್ಸಿಗೂ ಹಿತ. ಆದರೆ ಈ ಹಿತವನ್ನು ನಂಬಬಾರದು. ಅಮೆರಿಕದ ರೋರರ್ ಮತ್ತು ಟೇಲರ್ ಎಂಬ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಿದ್ಯಾರ್ಥಿಗಳಿಗೆ ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಲೆಕ್ಕಗಳನ್ನು ಕೊಟ್ಟರು. ಒಂದೇ ಬಗೆಯ ಲೆಕ್ಕಗಳನ್ನು ಒಟ್ಟಿಗೆ ಮಾಡಿದವರು ಅಭ್ಯಾಸದ ವೇಳೆ ಶೇ 89 ಸರಿ ಮಾಡಿದರು. ಬೆರೆಸಿ ಮಾಡಿದವರು ಶೇ 60. ಒಂದು ವಾರದ ನಂತರ ಪರೀಕ್ಷೆ ಇಟ್ಟಾಗ ಮೊದಲಿನವರು ಶೇ 20ಕ್ಕೆ ಇಳಿದರು, ಬೆರೆಸಿದವರು ಶೇ 63 ಪಡೆದರು. ಕಾರಣ ಸರಳ. ಬೆರೆಸಿದಾಗ 'ಇದು ಯಾವ ಬಗೆಯ ಲೆಕ್ಕ' ಎಂಬುದನ್ನೂ ನಾವೇ ಗುರುತಿಸಬೇಕಾಗುತ್ತದೆ. ರೋಗಿಯೂ ತನ್ನ ಹಣೆಯ ಮೇಲೆ 'ಹೃದಯ ವಿಭಾಗ' ಎಂದು ಬರೆದುಕೊಂಡು ಬರುವುದಿಲ್ಲವಷ್ಟೆ!

ಹಾಗೆಯೇ ಓದಿದ್ದನ್ನೇ ಓದುವುದಕ್ಕಿಂತ ಪುಸ್ತಕ ಮುಚ್ಚಿ ನೆನಪಿನಿಂದ ತೆಗೆಯುವುದು ಮೇಲು. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಇದನ್ನು ತೋರಿಸಿದರು. ಪಾಠವನ್ನು ಎರಡು ಸಲ ಓದಿದವರಿಗೆ ಒಂದು ವಾರದ ನಂತರ ಶೇ 42 ನೆನಪಿತ್ತು. ಒಮ್ಮೆ ಓದಿ, ಒಮ್ಮೆ ನೆನಪಿನಿಂದ ಬರೆದವರಿಗೆ ಶೇ 56. ಆದರೆ ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದಿದ್ದರು. ನಿನ್ನೆ ನೋಡಿದ ಪ್ರಶ್ನೆಗೆ ಇಂದು ಉತ್ತರ ಹೊಳೆದರೆ ಹಿಗ್ಗಬೇಡಿ. ಅದು ಪ್ರಶ್ನೆಯ ಮುಖಪರಿಚಯ ಇರಬಹುದು.

ನಾಲ್ಕು ವಾರಗಳ ಹಂಚಿಕೆ

ಈಗ ಎಲ್ಲವನ್ನೂ ಒಂದು ಕಡೆ ಕೂಡಿಸೋಣ. ಪ್ರಶ್ನೆಗೆ ಎರಡು ಕೆಲಸಗಳಿವೆ: ಅಳೆಯುವುದು ಮತ್ತು ರಿಪೇರಿ ಮಾಡುವುದು. ಅಳೆಯಲು ಹಿಂದೆ ನೋಡಿರದ ಪ್ರಶ್ನೆ ಬೇಕು. ರಿಪೇರಿಗೆ ನೀವು ತಪ್ಪಿದ ಪ್ರಶ್ನೆಯೇ ಬೇಕು. ಎರಡನ್ನೂ ಕಲಸಬೇಡಿ.

ಹಾಗಾಗಿ ಮೂರು ಪೂರ್ಣ ಅಣಕು ಪರೀಕ್ಷೆಗಳನ್ನು ಮುಟ್ಟದೆ ಎತ್ತಿಡಿ. ಮೊದಲನೆಯದನ್ನು ನಾಲ್ಕನೆಯ ವಾರದ ಆರಂಭದಲ್ಲಿ, ಅಂದರೆ 28 ದಿನ ಇರುವಾಗ ಬರೆಯಿರಿ. ಅದರ ತಪ್ಪುಗಳಿಂದ ರಾಶಿಗಳನ್ನೂ ಅಂಕಪಟ್ಟಿಯನ್ನೂ ಸಿದ್ಧಪಡಿಸಿ. ಮುಂದಿನ ಎರಡು ವಾರ ಬೆಳಿಗ್ಗೆ ಆರಿಸಿಕೊಂಡ ವಿಷಯದ ಹೊಸ ಪ್ರಶ್ನೆಗಳು, ಸಂಜೆ ಹಳೆಯ ತಪ್ಪುಗಳು. ನಡುವೆ ಹದಿನೈದು ದಿನ ಇರುವಾಗ ಎರಡನೆಯ ಅಣಕು ಪರೀಕ್ಷೆ. ಒಂದು ವಾರ ಇರುವಾಗ ಮೂರನೆಯದು, ನಿಜವಾದ ಪರೀಕ್ಷೆಯ ರೀತಿಯಲ್ಲೇ ಎರಡು ಭಾಗ, ತಲಾ 150 ನಿಮಿಷ, ನಡುವೆ ಊಟದ ಬಿಡುವು. ಕೊನೆಯ ವಾರ ಹೊಸ ಪುಸ್ತಕ, ಹೊಸ ಆ್ಯಪ್ ಯಾವುದೂ ಬೇಡ. ತಪ್ಪುಗಳ ನೋಟ್‌ಬುಕ್, ಎಕ್ಸ್‌ರೇ, ಇಸಿಜಿ, ಚರ್ಮರೋಗಗಳ ಚಿತ್ರಗಳು, ಲಸಿಕೆಯ ಪಟ್ಟಿ, ಔಷಧದ ಪ್ರಮಾಣಗಳು, ಇಷ್ಟೇ. ರಾತ್ರಿಯ ನಿದ್ದೆಯನ್ನು ಕಡಿಮೆ ಮಾಡಬೇಡಿ. ಕಲಿತದ್ದು ಮಿದುಳಿನಲ್ಲಿ ಗಟ್ಟಿಯಾಗುವುದಕ್ಕೆ ನಿದ್ದೆ ಬೇಕೇ ಬೇಕು.

ತಂದೆ ತಾಯಿಗಳಿಗೆ

'ಇವತ್ತು ಎಷ್ಟು ಪ್ರಶ್ನೆ ಮಾಡಿದೆ?' ಎಂದು ಮಕ್ಕಳನ್ನು ಕೇಳಬೇಡಿ. ಹಾಗೆ ಕೇಳಿದರೆ ಮಕ್ಕಳು ಎಣಿಕೆಗಾಗಿ ಸುಲಭವಾದದ್ದನ್ನೇ ಬಿಡಿಸುತ್ತಾರೆ. 'ಹೋದ ವಾರ ತಪ್ಪಿದ್ದು ಈ ವಾರ ಎಷ್ಟು ಸರಿಯಾಯಿತು?' ಎಂದು ಕೇಳಿ. ಇಪ್ಪತ್ತಾರು ವರ್ಷದ ಮಗನೋ ಮಗಳೋ ಕೋಣೆಯೊಳಗೆ ಕುಳಿತು ಓದುತ್ತಿರುವಾಗ, ಹೊರಗೆ ನೆಂಟರ ಮುಂದೆ ಸಾಲದ ಲೆಕ್ಕ ತೆಗೆಯಬೇಡಿ. ಆ ಲೆಕ್ಕ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತಿದೆ. ಈ ಸಲ ಆಗದಿದ್ದರೆ ಮುಂದೇನು ಎಂಬುದನ್ನು ಪರೀಕ್ಷೆ ಮುಗಿದ ಮೇಲೆ ಒಟ್ಟಿಗೆ ಕುಳಿತು ಮಾತಾಡಿ. ಊಟ ಮಾಡದೆ, ನಿದ್ದೆ ಇಲ್ಲದೆ, ಮಾತು ಬಿಟ್ಟು ಕುಳಿತಿದ್ದರೆ ಪುಸ್ತಕ ಮುಚ್ಚಿಸಿ ವೈದ್ಯರ ಬಳಿಗೆ ಕರೆದೊಯ್ಯಿರಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಮಾತು. ನೀವು ಈ ನಾಲ್ಕು ವಾರಗಳಲ್ಲಿ ಆರಿಸಿಕೊಳ್ಳುವ ಪ್ರಶ್ನೆಗಳು ಪರೀಕ್ಷೆಯೊಂದಿಗೇ ಮುಗಿಯುವುದಿಲ್ಲ. ಮುಂದಿನ ವರ್ಷ ಯಾವುದೋ ತಾಲ್ಲೂಕು ಆಸ್ಪತ್ರೆಯಲ್ಲಿ, ನಡುರಾತ್ರಿ, ಹಾವು ಕಡಿದ ರೈತನನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಬರುತ್ತಾರೆ. ಅಲ್ಲಿ ಎ, ಬಿ, ಸಿ, ಡಿ ಇರುವುದಿಲ್ಲ, ಊಹಿಸಿದರೆ ಬರುವ ಕಾಲು ಭಾಗ ಅಂಕವೂ ಇರುವುದಿಲ್ಲ. ಇಂದು ಒಂದು ಪ್ರಶ್ನೆಯ ಮುಂದೆ ಎರಡು ನಿಮಿಷ ಹೆಚ್ಚಾಗಿ ನಿಂತರೆ ಆ ಹೊತ್ತಿಗೆ ಕೈ ನಡುಗುವುದಿಲ್ಲ. ಎಲ್ಲರಿಗೂ ಶುಭವಾಗಲಿ.